ಹಳೇ ವಾಷಿಂಗ್ ಮೆಷಿನ್ ಡ್ರಮ್ಮಿನಲ್ಲಿ ಚಳಿ ಕಾಯಿಸುವ ಬೆಂಕಿ

ಡಿಸೆಂಬರ್ ಬಂತೆಂದರೆ ಸಕಲೇಶಪುರದಲ್ಲಿ ಸಂಜೆ ಹಿತ್ತಲಲ್ಲಿ ಬೆಂಕಿ ಬೇಕೇ ಬೇಕು. ನೆಲದ ಮೇಲೆ ಹಾಕಿದರೆ ಹುಲ್ಲು ಸುಡುತ್ತದೆ, ಜಾಗ ಬದಲಿಸಲೂ ಆಗುವುದಿಲ್ಲ.

ಕೆಟ್ಟು ಬಿದ್ದಿದ್ದ ಫ್ರಂಟ್ ಲೋಡ್ ಮೆಷಿನ್ ಬಿಚ್ಚಿ ಸ್ಟೀಲ್ ಡ್ರಮ್ ತೆಗೆದೆ. ಒಳಗಿನ ಪ್ಲಾಸ್ಟಿಕ್ ರೆಕ್ಕೆಗಳನ್ನು ತೆಗೆಯಲೇಬೇಕು, ಇಲ್ಲದಿದ್ದರೆ ಕರಗಿ ಕೆಟ್ಟ ಹೊಗೆ ಬರುತ್ತದೆ. ಹಿಂಬದಿಯ ಮೂರು ಕವಲಿನ ಅಲ್ಯೂಮಿನಿಯಂ ತುಂಡನ್ನೂ ಕಳಚಿದೆ. ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಕೆಂಡದ ಹತ್ತಿರ ಅದು ಬೇಡ. ಹಳೇ ಟ್ರಂಕಿನ ಎರಡು ಕಬ್ಬಿಣದ ಹಿಡಿಗಳನ್ನು ಅಂಚಿಗೆ ಬೋಲ್ಟ್ ಹಾಕಿ ಕೂರಿಸಿದೆ.

ಮೊದಲ ದಿನ ಬರೀ ಹೊಗೆ! ಕಟ್ಟಿಗೆ ಒಣಗಿತ್ತು, ಆದರೂ ಉರಿ ಏಳಲಿಲ್ಲ. ಬಗ್ಗಿ ನೋಡಿದಾಗ ಗೊತ್ತಾಯಿತು: ಡ್ರಮ್ ನೆಲಕ್ಕೆ ಅಂಟಿ ಕೂತಿತ್ತು, ತಳದಿಂದ ಗಾಳಿಯೇ ಬರುತ್ತಿರಲಿಲ್ಲ. ಹೂಕುಂಡ ಇಡುವ ಕಬ್ಬಿಣದ ಸ್ಟ್ಯಾಂಡ್ ಮೇಲೆ ಒಂದು ಗೇಣು ಎತ್ತರಕ್ಕೆ ಕೂರಿಸಿದೆ. ಕೆಳಗೆ ಬೀಳುವ ಕೆಂಡಕ್ಕೆ ಮರಳು ತುಂಬಿದ ತಗಡಿನ ತಟ್ಟೆ ಇಟ್ಟೆ.

ಈಗ ಕಾಫಿ ಗಿಡದ ಒಣ ಕಟ್ಟಿಗೆ ಎರಡೇ ನಿಮಿಷಕ್ಕೆ ಧಗ್ ಅಂತ ಹತ್ತುತ್ತದೆ. ಕತ್ತಲಾದ ಮೇಲೆ ನೂರಾರು ತೂತುಗಳಲ್ಲಿ ಕೆಂಪು ಚುಕ್ಕಿಗಳು ಮಿನುಗುತ್ತವೆ, ಎಷ್ಟು ಚೆಂದ ಅಲ್ವಾ! ಬೆಳಿಗ್ಗೆ ಪೂರ್ತಿ ಆರಿದ ಮೇಲೆ ಬೂದಿ ಸುರಿದು, ಇಬ್ಬರು ಹಿಡಿದು ಕೊಟ್ಟಿಗೆಗೆ ಇಡುತ್ತೇವೆ.