ಭೀಮನ ನಾಲ್ಕು ಪಾದಗಳು

ಅಲಾಸ್ಕದ ಫೇರ್‌ಬ್ಯಾಂಕ್ಸ್‌ನಲ್ಲಿ ಮೈನಸ್ 35 ಡಿಗ್ರಿ ಇದ್ದ ದಿನ. ಅಮ್ಮ ವಿಡಿಯೋ ಕಾಲ್‌ನಲ್ಲಿ ನನ್ನ ನಾಯಿ ಭೀಮನನ್ನು ನೋಡಿ, "ಪಾಪ, ಒಳಗೆ ಕರ್ಕೊಳೋ" ಅಂದರು. ಅವನು ಹಿತ್ತಲಲ್ಲಿ ಬಾಲವನ್ನು ಮೂಗಿನ ಮೇಲೆ ಹೊದ್ದು ಮಲಗಿದ್ದ. ಬೆನ್ನ ಮೇಲೆ ಬಿದ್ದ ಹಿಮ ಕರಗಿರಲಿಲ್ಲ. ಮೈಬಿಸಿ ಒಂಚೂರೂ ಆಚೆ ಬಂದಿಲ್ಲ ಅಂತ ಅರ್ಥ. ಕರೆದೆ, ಬರಲಿಲ್ಲ.

ಭೀಮ ಅಲಾಸ್ಕನ್ ಮಾಲಮ್ಯೂಟ್, 39 ಕೆಜಿ. ನೋಡಿದವರೆಲ್ಲ ಹಸ್ಕಿ ಅಂತಾರೆ. ಹಸ್ಕಿಯೂ ಸ್ಲೆಡ್ (ಹಿಮದ ಮೇಲೆ ಜಾರುವ ಬಂಡಿ) ಎಳೆಯೋ ನಾಯಿಯೇ, ಆದರೆ ಇವನಿಗಿಂತ ತುಂಬಾ ಹಗುರ, ಕಣ್ಣು ನೀಲಿಯೂ ಇರಬಹುದು. ಇವನದು ಕಂದುಗಣ್ಣು. ವಾಯವ್ಯ ಅಲಾಸ್ಕದ ಕಡಲಂಚಿನ ಮೂಲನಿವಾಸಿ ಇನ್ಯುಪಿಯಾಟ್ ಜನ ಭಾರದ ಸ್ಲೆಡ್ ಎಳೆಸಲು ಸಾಕಿಕೊಂಡು ಬಂದ ತಳಿ ಇದು. ಹಸ್ಕಿ ಕುದುರೆ ಅಂದರೆ ಇವನು ಎತ್ತು. ಎತ್ತಿನ ಹಟವೂ ಇದೆ. ಕೆಲಸ ಕೊಡದಿದ್ದರೆ ಅಂಗಳವೆಲ್ಲ ಗುಂಡಿ.

ವಸಂತದಲ್ಲಿ ಒಳಗೂದಲು ಉದುರುತ್ತದೆ. ಎರಡು ವಾರ ದಿನಾ ಬಾಚಿದರೂ ಸಾಂಬಾರಿನಲ್ಲಿ ಕೂದಲು ತಪ್ಪಲ್ಲ. ಬೋಳಿಸಿಬಿಡು ಅಂದವರಿದ್ದಾರೆ. ಬೇಡ. ಬಿಸಿಲನ್ನು ತಡೆಯೋದೂ ಅದೇ ಕೂದಲು. ಜೂನ್‌ನಲ್ಲಿ ಇಲ್ಲಿ ರಾತ್ರಿಯೂ ಬೆಳಕಿರುತ್ತೆ, ಹಾಗಾಗಿ ಬೆಳಗಿನ ಜಾವ ನಾಲ್ಕಕ್ಕೇ ನಮ್ಮ ವಾಕಿಂಗ್.

ನಾನು ಎಡವಿದ್ದು ಪಾದದ ವಿಷಯದಲ್ಲಿ. ಅದೂ ಕಡುಚಳಿಯಲ್ಲಲ್ಲ, ಮಾರ್ಚ್‌ನ ಒಂದು ಹಿತವಾದ ಮಧ್ಯಾಹ್ನ, ಮೈನಸ್ ಮೂರೋ ನಾಲ್ಕೋ ಇತ್ತು. ಸ್ಲೆಡ್‌ನಲ್ಲಿ ಸೌದೆ ಹೇರಿ ಬರುತ್ತಿದ್ದೆವು. ಭೀಮ ದಾರಿಯಲ್ಲೇ ಕೂತು ಮುಂಗಾಲು ಕಚ್ಚತೊಡಗಿದ. ಸೋಮಾರಿತನ ಅಂದುಕೊಂಡು ಗದರಿಸಿದೆ. ಹಿಮದ ಮೇಲೆ ರಕ್ತದ ಹನಿ ಕಂಡಾಗ ಕಾಲೆತ್ತಿ ನೋಡಿದೆ. ಬೆರಳ ಸಂದಿಯ ಕೂದಲಿಗೆ ಗೋಲಿ ಗಾತ್ರದ ಮಂಜುಗಡ್ಡೆಗಳು ಕಚ್ಚಿಕೊಂಡು ಚರ್ಮ ಸೀಳಿತ್ತು. ಮೈನಸ್ ಮೂವತ್ತರ ಹಿಮ ಒಣಗಿದ ಸಕ್ಕರೆಯ ಹಾಗೆ ಉದುರಿಹೋಗುತ್ತದೆ. ಅಂಟೋದು ಈ ಒದ್ದೆ ಹಿಮ. ಕೈಗವಸು ಕಳಚಿ ಅಂಗೈಯಲ್ಲೇ ಒಂದೊಂದನ್ನೂ ಕರಗಿಸಿದೆ. ಸೌದೆ ಎಳೆದುಕೊಂಡು ಬಂದಿದ್ದು ನಾನು.

ಈಗ ಬೆರಳ ಸಂದಿಯ ಕೂದಲನ್ನು ಪಾದದ ಮಟ್ಟಕ್ಕೆ ಕತ್ತರಿಸುತ್ತೇನೆ. ಹೊರಡುವ ಮುಂಚೆ ಮೇಣ ಹಚ್ಚುತ್ತೇನೆ. ದೂರದ ದಾರಿಯಾದರೆ ಬೂಟಿ, ಅಂದರೆ ನಾಯಿಯ ಪಾದಕ್ಕೆ ಹಾಕೋ ಚೀಲದಂಥ ಗವಸು. ಅದರ ಪಟ್ಟಿ ಬಿಗಿಯಾದರೆ ರಕ್ತ ಓಡಲ್ಲ, ಒಂದು ಬೆರಳು ತೂರುವಷ್ಟು ಸಡಿಲ ಇರಬೇಕು. ನೀರಿಗೆ ಸ್ವಲ್ಪ ಮಾಂಸ ಬೇಯಿಸಿದ ರಸ ಬೆರೆಸಿ ಬೆಚ್ಚಗೆ ಕೊಡುತ್ತೇನೆ. ಬರೀ ನೀರಿಟ್ಟರೆ ಚಳಿಗಾಲದಲ್ಲಿ ಮೂಸಿ ನೋಡಿ ಹೋಗುತ್ತಾನೆ.

ವಾಪಸ್ ಬಂದ ಮೇಲೆ ಟವೆಲ್ ಕಂಡರೆ ತಾನೇ ಮುಂಗಾಲು ಚಾಚುತ್ತಾನೆ. ಹಿಂಗಾಲಿಗೆ ಮಾತ್ರ ಇವತ್ತಿಗೂ ಕುಸ್ತಿ.