ಚೈನಿಗೆ ಎಣ್ಣೆಸ್ನಾನ ಬೇಡ, ಹನಿ ಸಾಕು

ನಮ್ಮ ಅಪಾರ್ಟ್‌ಮೆಂಟ್ ಕೆಳಗೆ ಭಾನುವಾರ ಬೆಳಿಗ್ಗೆ ಈ ದೃಶ್ಯ ತಪ್ಪುವುದಿಲ್ಲ. ಒಬ್ಬರು ಸೈಕಲ್ಲಿನ ಪೆಡಲ್ ತಿರುಗಿಸುತ್ತಿರುತ್ತಾರೆ, ಇನ್ನೊಬ್ಬರು ಚೈನಿಗೆ ಎಣ್ಣೆ ಸುರಿಯುತ್ತಿರುತ್ತಾರೆ. ನೆಲಕ್ಕೆ ತೊಟ್ಟಿಕ್ಕುವವರೆಗೂ ಸಮಾಧಾನವಿಲ್ಲ. ವಾರ ಕಳೆಯುವಷ್ಟರಲ್ಲಿ ಅದೇ ಚೈನಿಗೆ ಕಪ್ಪು ಜಿಡ್ಡು ಮೆತ್ತಿಕೊಂಡು ಪ್ಯಾಂಟಿನ ಮೇಲೆ ಹಲ್ಲಿನ ಅಚ್ಚು ಬಿದ್ದಿರುತ್ತದೆ. ನಮ್ಮ ಬೀದಿಯ ಸೈಕಲ್ ಶಾಪಿನವರು ಓವರ್‌ಹಾಲಿಂಗ್‌ಗೆ ‘ಓವರ್ ಆಯಿಲಿಂಗ್’ ಅನ್ನುತ್ತಾರೆ. ಇವರು ಅದನ್ನೇ ಮಾಡಿ ತೋರಿಸುತ್ತಾರೆ ಅಷ್ಟೆ.

ಮೊದಲು ಯಾವುದು ಬೇಡ ಅಂತ ಹೇಳಿಬಿಡುತ್ತೇನೆ. ಕೊಬ್ಬರಿ ಎಣ್ಣೆ ಬೇಡ, ಸುಮಾರು 24 ಡಿಗ್ರಿಗಿಂತ ಚಳಿಯಾದರೆ ಗಟ್ಟಿಯಾಗುತ್ತದೆ, ಡಿಸೆಂಬರ್ ಬೆಳಿಗ್ಗೆ ಬಚ್ಚಲಮನೆಯ ಬಾಟಲಿ ಅಲ್ಲಾಡಿಸಿದವರಿಗೆ ಇದು ಗೊತ್ತು. ಬೈಕಿನಿಂದ ಇಳಿಸಿದ ಹಳೇ ಎಂಜಿನ್ ಆಯಿಲ್ ಬೇಡವೇ ಬೇಡ, ಅದರಲ್ಲಿ ಮಸಿ, ಲೋಹದ ಪುಡಿ ಎಲ್ಲಾ ಇರುತ್ತದೆ. ಇನ್ನು ಡಬ್ಲ್ಯುಡಿ-40. ಡಬ್ಲ್ಯುಡಿ ಅಂದರೆ ವಾಟರ್ ಡಿಸ್‌ಪ್ಲೇಸ್‌ಮೆಂಟ್, ನೀರು ಓಡಿಸುವುದು. ತುಕ್ಕು ಹಿಡಿದ ನಟ್ಟು ಬಿಡಿಸಲು ಚೆನ್ನಾಗಿದೆ. ಆದರೆ ಮಾಮೂಲಿ ಡಬ್ಬದ್ದು ಚೈನಿನಲ್ಲಿ ಹೆಚ್ಚು ದಿನ ನಿಲ್ಲುವುದಿಲ್ಲ.

ಬೇಕಾದದ್ದು ಸೈಕಲ್ ಚೈನಿನ ಲೂಬ್, ಅಂದರೆ ಚೈನಿಗೆಂದೇ ಮಾಡಿದ ಎಣ್ಣೆ. ಅದರಲ್ಲಿ ಎರಡು ಬಗೆ. ವೆಟ್ ಲೂಬ್ ದಪ್ಪ, ಮಳೆಗೆ ಬೇಗ ತೊಳೆದುಹೋಗುವುದಿಲ್ಲ, ಆದರೆ ದೂಳು ಹಿಡಿಯುತ್ತದೆ. ಡ್ರೈ ಲೂಬ್ ಹಾಕಿದ ಮೇಲೆ ಒಣಗಿ ತೆಳು ಪದರ ಉಳಿಯುತ್ತದೆ, ದೂಳು ಕಡಿಮೆ, ಆದರೆ ಒಂದು ಜೋರು ಮಳೆ ಬಂದರೆ ಮುಗೀತು. ಮಲೆನಾಡು, ಕರಾವಳಿಯ ಮಳೆಗಾಲಕ್ಕೆ ವೆಟ್. ಬಯಲುಸೀಮೆಯ ಬೇಸಿಗೆಗೆ ಡ್ರೈ. ಬೆಂಗಳೂರಿನಲ್ಲಿ ನಾನು ಜೂನ್‌ನಿಂದ ಅಕ್ಟೋಬರ್‌ವರೆಗೆ ವೆಟ್, ಉಳಿದಂತೆ ಡ್ರೈ ಬಳಸುತ್ತೇನೆ. ಎಲ್ಲಾ ಕಾಲಕ್ಕೂ ಒಂದೇ ಅನ್ನುವ ಬಾಟಲಿ ನನಗಂತೂ ಬೇಡ.

ಈಗ ಎಲ್ಲರೂ ಎಡವುವ ಜಾಗ. ಚೈನು ಸವೆಯುವುದು ಹೊರಗಲ್ಲ, ಒಳಗೆ, ಕೊಂಡಿ ಜೋಡಿಸುವ ಪಿನ್ನು, ಅದರ ಸುತ್ತ ಉರುಳುವ ರೋಲರು ಇವುಗಳ ಒಳಗೆ ಉಜ್ಜುವ ಕಡೆ. ಎಣ್ಣೆ ಅಲ್ಲಿಗೆ ಹೋಗಬೇಕು. ಹೊರಗಿನ ಪಟ್ಟಿ ಮೇಲೆ ಮಿನುಗುವುದೆಲ್ಲ ದೂಳಿಗೆ ಅಂಟು. ಹಾಗಾಗಿ ಮೊದಲು ಡೀಸೆಲ್ ಅಥವಾ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಚೈನನ್ನು ಹಿಡಿದು ಹಿಂದಕ್ಕೆ ಪೆಡಲ್ ತಿರುಗಿಸುತ್ತಾ ಒರೆಸಿ (ಪೆಟ್ರೋಲ್ ಬೇಡ, ಬೆಂಕಿ ಜೊತೆ ಆಟ), ಬಟ್ಟೆಗೆ ಕಪ್ಪು ಬರುವುದು ನಿಲ್ಲುವವರೆಗೆ. ಪೂರ್ತಿ ಒಣಗಲಿ. ಆಮೇಲೆ ಚೈನ್ ಲಾಕ್ (ಚೈನಿನ ಎರಡು ತುದಿ ಜೋಡಿಸುವ ಕೊಂಡಿ) ಎಲ್ಲಿದೆ ನೋಡಿಕೊಂಡು ಅಲ್ಲಿಂದ ಶುರು ಮಾಡಿ, ಕೆಳಗಿನ ಸಾಲಿನ ಒಳಮೈಗೆ ಒಂದೊಂದು ರೋಲರ್‌ಗೆ ಒಂದೊಂದೇ ಹನಿ ಬಿಡಿ. ಲಾಕ್ ವಾಪಸ್ ಬಂತಾ, ನಿಲ್ಲಿಸಿ. ಗೇರ್ ಸೈಕಲ್ಲಿನಲ್ಲಿ ನೂರಕ್ಕೂ ಜಾಸ್ತಿ ಕೊಂಡಿ ಇರುತ್ತವೆ, ಬೇಸರವಾಗುತ್ತದೆ, ಆದರೂ ಐದು ನಿಮಿಷದ ಕೆಲಸ. ಇಪ್ಪತ್ತು ಸುತ್ತು ಪೆಡಲ್ ತಿರುಗಿಸಿ, ಹತ್ತು ನಿಮಿಷ ಬಿಟ್ಟು, ಒಣ ಬಟ್ಟೆಯಲ್ಲಿ ಮತ್ತೆ ಒರೆಸಿ. “ಹಾಕಿದ ಎಣ್ಣೆಯನ್ನೇ ಒರೆಸೋದಾ ಅಂಕಲ್?” ಅಂತ ಪಕ್ಕದ ಮನೆ ಹುಡುಗ ಕೇಳಿದ್ದ. ಹೂಂ, ಅದನ್ನೇ. ಬೆರಳಿಟ್ಟರೆ ತೆಳ್ಳಗೆ ಅಂಟಬೇಕು, ಹನಿ ನಿಲ್ಲಬಾರದು. ಡ್ರೈ ಲೂಬ್ ಆದರೆ ಹಿಂದಿನ ರಾತ್ರಿಯೇ ಹಾಕಿಡಿ.

ಲೂಬನ್ನು ಸ್ಪ್ರೇ ಮಾಡುವವರು ಡಿಸ್ಕ್ ಬ್ರೇಕಿಗೆ ಎಣ್ಣೆ ಸಿಡಿಯದಂತೆ ಬಟ್ಟೆ ಸುತ್ತಿ. ಆ ಹುಡುಗ ಸುತ್ತಲಿಲ್ಲ. ಬ್ರೇಕ್ ಹಿಡಿದರೆ ಕೀಚಲು ಶಬ್ದ, ಸೈಕಲ್ ಮಾತ್ರ ನಿಲ್ಲದು. ಕೊನೆಗೆ ಪ್ಯಾಡ್ ಹೊಸದು ಹಾಕಿಸಿದ.

ಗ್ರೀಸು ಸುಲಭ. ಬಾಲ್ಸ್ (ಬೇರಿಂಗ್ ಗುಂಡು) ಇರುವ ಕಡೆ ಗ್ರೀಸು, ಚೈನಿಗೆ ಯಾವತ್ತೂ ಇಲ್ಲ. ಆಟೊಮೊಬೈಲ್ ಅಂಗಡಿಯಲ್ಲಿ ಸಿಗುವ ಎಪಿ3 ಲಿಥಿಯಂ ಗ್ರೀಸು ಧಾರಾಳ ಸಾಕು, ಸಣ್ಣ ಡಬ್ಬ ವರ್ಷಗಟ್ಟಲೆ ಬರುತ್ತದೆ. ಹಬ್ಬಿನ, ಅಂದರೆ ಚಕ್ರದ ನಡುಗುಂಬದ, ಬಟ್ಟಲಿನಲ್ಲಿ (ಕಪ್) ಬಾಲ್ಸ್ ಅರ್ಧ ಮುಳುಗುವಷ್ಟು ಹಾಕಿ. ಬಾಲ್ಸ್ ಬದಲಿಸುವುದಾದರೆ ಸಾಮಾನ್ಯವಾಗಿ ಮುಂದಿನ ಹಬ್ಬಿಗೆ 3/16 ಇಂಚು, ಹಿಂದಿನದಕ್ಕೆ 1/4. ಬೆರೆಸಬೇಡಿ. ಸೀಟ್ ಪೋಸ್ಟಿಗೂ ಒಂದಿಷ್ಟು ಸವರಿ, ಕಾರ್ಬನ್‌ನದ್ದಾದರೆ ಮಾತ್ರ ಗ್ರೀಸು ಬೇಡ, ಅದಕ್ಕೆ ಬೇರೆ ಪೇಸ್ಟ್ ಇದೆ.

ಫ್ರೀವೀಲಿಗೆ (ಹಿಂದಿನ ಚಕ್ರದ ಹಲ್ಲುಗಾಲಿ) ಗ್ರೀಸು ತುಂಬಿದರೆ ಒಳಗಿನ ಸಣ್ಣ ಹಲ್ಲುಗಳು ಅಂಟಿಕೊಂಡು, ತುಳಿದರೂ ಚಕ್ರ ತಿರುಗುವುದಿಲ್ಲ. ಅಲ್ಲಿಗೆ ಹೊಲಿಗೆ ಮೆಷಿನ್ ಎಣ್ಣೆ ಮೂರು ನಾಲ್ಕು ಹನಿ. ಪೆಡಲ್ಲಿನ ಥ್ರೆಡ್ಡಿಗೂ ಗ್ರೀಸು ಸವರಿ, ಇಲ್ಲದಿದ್ದರೆ ಮುಂದೆ ಬಿಚ್ಚಲಾಗುವುದಿಲ್ಲ. ಹಾಂ, ಎಡಗಡೆ ಪೆಡಲ್ಲಿನ ಥ್ರೆಡ್ಡು ಉಲ್ಟಾ, ಬಿಚ್ಚಲು ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗಿಸಬೇಕು.