ಕನ್ನಡಿಗಿಂತ ಮೊದಲು ವಹಿ

ಗದಗದ ಮುದ್ರಣಾಲಯವೊಂದರಲ್ಲಿ ಕರಡಚ್ಚು ತಿದ್ದುವುದು ನನ್ನ ಉದ್ಯೋಗ. ಇಡೀ ದಿನ ಕುತ್ತಿಗೆ ಬಗ್ಗಿಸಿ ಕುಳಿತು ಬೆನ್ನು, ಹೆಗಲು ಬಿಗಿದುಕೊಳ್ಳತೊಡಗಿದಾಗ, ನಲವತ್ತು ದಾಟಿದ ವಯಸ್ಸಿನಲ್ಲಿ ನಾನು ಭಾರ ಎತ್ತುವ ವ್ಯಾಯಾಮಕ್ಕೆ ಸೇರಿಕೊಂಡೆ. ಸೇರುವುದು ಕಷ್ಟವಲ್ಲ. ಜನವರಿಯಲ್ಲಿ ನಮ್ಮ ಜಿಮ್ಮಿನಲ್ಲಿ ಬಾರ್, ಅಂದರೆ ತೂಕ ಸೇರಿಸಿ ಎತ್ತುವ ಕಬ್ಬಿಣದ ಸರಳು, ಹಿಡಿಯಲು ಸರದಿ ಕಾಯಬೇಕಾಗುತ್ತದೆ. ತೋಂಟದಾರ್ಯ ಮಠದ ಜಾತ್ರೆಯ ಹೊತ್ತಿಗೆ, ತಗಡಿನ ಛಾವಣಿ ಕಾದು ಒಳಗೆ ನಿಲ್ಲಲಾಗದ ದಿನಗಳಲ್ಲಿ, ಅರ್ಧಕ್ಕರ್ಧ ಮಂದಿ ಕಾಣೆಯಾಗಿರುತ್ತಾರೆ. ನಾನು ಉಳಿದುಕೊಂಡದ್ದಕ್ಕೆ ಮನೋಬಲವೇ ಕಾರಣವೆಂದು ನನಗೆ ಅನ್ನಿಸುವುದಿಲ್ಲ. ದಿನವೂ ಏನನ್ನು ಅಳೆದು ನೋಡಬೇಕೆಂಬುದನ್ನು ಮೊದಲೇ ನಿರ್ಧರಿಸಿಕೊಂಡಿದ್ದೆ, ಅಷ್ಟೆ.

ಹೊಸದಾಗಿ ಬರುವ ಹುಡುಗರು ಪ್ರತಿ ಸೆಟ್ (ನಡುವೆ ವಿಶ್ರಮಿಸದೆ ಎತ್ತುವ ಒಂದು ಸುತ್ತು) ಮುಗಿದ ಕೂಡಲೇ ಕನ್ನಡಿಯತ್ತ ತಿರುಗುತ್ತಾರೆ. ಆದರೆ ಮೊದಲ ಕೆಲವು ವಾರಗಳಲ್ಲಿ ಕನ್ನಡಿಯಲ್ಲಿ ಕಾಣುವಂಥದ್ದು ಹೆಚ್ಚೇನೂ ಇರುವುದಿಲ್ಲ. ಆ ಅವಧಿಯಲ್ಲಿ ಹೆಚ್ಚುವ ಶಕ್ತಿ ಬಹುಮಟ್ಟಿಗೆ ನರಮಂಡಲದ ಕಲಿಕೆಯಿಂದ ಬರುತ್ತದೆ: ದೇಹದಲ್ಲಿ ಈಗಾಗಲೇ ಇರುವ ಸ್ನಾಯುವಿನ ಎಳೆಗಳನ್ನು ಹೆಚ್ಚು ಸಂಖ್ಯೆಯಲ್ಲಿ, ಹೆಚ್ಚು ಹೊಂದಾಣಿಕೆಯಿಂದ ಕೆಲಸಕ್ಕೆ ಹಚ್ಚುವುದನ್ನು ಅದು ಕಲಿಯುತ್ತಿರುತ್ತದೆ. ಸ್ನಾಯು ಕಣ್ಣಿಗೆ ಕಾಣುವಷ್ಟು ತುಂಬಿಕೊಳ್ಳಲು ತಿಂಗಳುಗಳೇ ಬೇಕು. ಹೀಗಾಗಿ ಹೊಸಬನಿಗೆ ಅತ್ಯಂತ ವೇಗವಾಗಿ ಪ್ರಗತಿಯಾಗುವ ಕಾಲದಲ್ಲೇ ಕನ್ನಡಿ ಅವನನ್ನು ನಿರಾಶೆಗೊಳಿಸುತ್ತದೆ. ಇದನ್ನು ಓದಿ ತಿಳಿದುಕೊಂಡಿದ್ದ ನಾನು, ಮುದ್ರಣಾಲಯದಲ್ಲಿ ಕತ್ತರಿಸಿ ಉಳಿದ ಕಾಗದವನ್ನು ಹೊಲಿಸಿ ಒಂದು ಸಣ್ಣ ವಹಿ ಮಾಡಿಸಿಕೊಂಡೆ. ಅದರಲ್ಲಿ ತಾರೀಖು, ವ್ಯಾಯಾಮದ ಹೆಸರು, ಕಿಲೋ ಮತ್ತು ಎಷ್ಟು ಸಲ ಎತ್ತಿದೆನೆಂಬುದನ್ನು ಬಿಟ್ಟರೆ ಬೇರೇನನ್ನೂ ಬರೆಯುತ್ತಿರಲಿಲ್ಲ. ದೇಹದ ತೂಕವನ್ನೂ ಸೊಂಟದ ಸುತ್ತಳತೆಯನ್ನೂ ಬೇಕೆಂತಲೇ ಕೈಬಿಟ್ಟೆ.

ವಹಿಯಲ್ಲಿ ಅಂಕಿ ಏರುತ್ತಿರಬೇಕಾದರೆ ಏರಿಕೆ ಸಣ್ಣದಾಗಿರಬೇಕು. ಉದ್ದನೆಯ ಒಲಿಂಪಿಕ್ ಬಾರ್ ಖಾಲಿಯಾಗಿಯೇ 20 ಕಿಲೋ ತೂಗುತ್ತದೆ. ನಮ್ಮ ಜಿಮ್ಮಿನಲ್ಲಿದ್ದ ಅತಿ ಸಣ್ಣ ಪ್ಲೇಟು ಎರಡೂವರೆ ಕಿಲೋದ್ದು. ಎರಡೂ ಬದಿಗೆ ಒಂದೊಂದು ಹಾಕಿದರೆ ಒಮ್ಮೆಲೇ 5 ಕಿಲೋ ಏರುತ್ತದೆ. ಭಾರ ಹೊತ್ತು ಕುಳಿತೇಳುವ ಸ್ಕ್ವಾಟ್ ಅಥವಾ ನೆಲದಿಂದ ಭಾರ ಎತ್ತುವ ಡೆಡ್‌ಲಿಫ್ಟ್‌ನಲ್ಲಿ ಇದು ದೊಡ್ಡದೆನಿಸದು, ಆದರೆ ಖಾಲಿ ಬಾರನ್ನು ತಲೆಯ ಮೇಲಕ್ಕೆ ಎತ್ತುತ್ತಿರುವವನಿಗೆ ಅದು ಕಾಲು ಭಾಗದಷ್ಟು ಹೆಚ್ಚಳ. ಆ ಅಂತರದಲ್ಲಿ ಸಿಕ್ಕಿಕೊಂಡವರು ವಾರಗಟ್ಟಲೆ ಒಂದೇ ತೂಕದಲ್ಲಿ ನಿಂತು ಬೇಸತ್ತುಹೋಗುವುದನ್ನು ನೋಡಿದ್ದೇನೆ. ನಾನು ತೂಕವನ್ನು ಹಾಗೆಯೇ ಇಟ್ಟು ಎತ್ತುವ ಸಂಖ್ಯೆಯನ್ನು ಏರಿಸುತ್ತ ಹೋದೆ: ಸೆಟ್ಟಿಗೆ 8 ಸಲದಿಂದ ಶುರು ಮಾಡಿ, ಎಲ್ಲ ಸೆಟ್‌ಗಳಲ್ಲೂ 12 ಸಲ ಅಚ್ಚುಕಟ್ಟಾಗಿ ಎತ್ತಲು ಬಂದ ಮೇಲೆ ಮಾತ್ರ ಪ್ಲೇಟು ಹಾಕಿ, ಮತ್ತೆ 8ಕ್ಕೆ ಇಳಿಯುವುದು. ಇದರಿಂದ ಬಹುತೇಕ ಪ್ರತಿ ಸಲವೂ ಹಿಂದಿನ ಸಾಲಿಗಿಂತ ಒಂದಾದರೂ ಹೆಚ್ಚು ಬರೆಯಲು ಸಿಗುತ್ತಿತ್ತು. ಆ ಒಂದಕ್ಕಾಗಿ ಸಂಜೆ ಮುದ್ರಣಾಲಯದಿಂದ ನೇರವಾಗಿ ಜಿಮ್ಮಿಗೆ ಹೋಗಬೇಕೆನಿಸುತ್ತಿತ್ತು. ಪಕ್ಕದಲ್ಲಿ ಸಾಮು ಮಾಡುತ್ತಿದ್ದ ಕಾಲೇಜು ಹುಡುಗನೊಬ್ಬ ‘ಕಾಕಾರ, ಇವತ್ತ ಎಷ್ಟ ಆತ್ರಿ?’ ಎಂದು ಕೇಳುವ ರೂಢಿ ಇಟ್ಟುಕೊಂಡದ್ದೂ ಸಹಾಯವಾಯಿತು. ಉತ್ತರ ಕೊಡಬೇಕಲ್ಲ ಎಂಬ ಸಣ್ಣ ಸಂಕೋಚಕ್ಕೂ ತನ್ನದೇ ಬಲವಿದೆ.

ಮೈನೋವಿನ ವಿಷಯದಲ್ಲಿ ತಿಳಿವಳಿಕೆ ಇಲ್ಲದೆ ಬಿಟ್ಟುಹೋಗುವವರೂ ಇದ್ದಾರೆ. ರೂಢಿಯಿಲ್ಲದ ಭಾರ ಎತ್ತಿದ ಮೇಲೆ ನೋವು ಅಂದೇ ಬರದೆ, ಒಂದರಿಂದ ಮೂರು ದಿನಗಳ ನಡುವೆ ಹೆಚ್ಚಾಗಿ, ಆಮೇಲೆ ತಾನಾಗಿಯೇ ಇಳಿಯುತ್ತದೆ. ಅದೇ ವ್ಯಾಯಾಮವನ್ನು ಮುಂದುವರಿಸಿದರೆ ಮುಂದಿನ ಸಲ ಅಷ್ಟು ಕಾಡುವುದಿಲ್ಲ. ಮೆಟ್ಟಿಲು ಇಳಿಯುವಾಗ ತೊಡೆ ನಡುಗಿದರೆ ಅಂಜಬೇಕಾಗಿಲ್ಲ. ಕೀಲಿನಲ್ಲಿ ಚುಚ್ಚಿದಂಥ ನೋವು ಬೇರೆ, ಅದಕ್ಕೆ ವೈದ್ಯರೇ ಬೇಕು.

ಮದುವೆಗಳ ಕಾಲದಲ್ಲಿ ಲಗ್ನಪತ್ರಿಕೆಗಳ ಕೆಲಸ ರಾತ್ರಿಯವರೆಗೂ ಎಳೆಯುತ್ತದೆ. ಅಂಥ ದಿನಗಳಿಗಾಗಿ ನಾನು ಒಂದು ಕನಿಷ್ಠ ಮಟ್ಟವನ್ನು ಗೊತ್ತುಮಾಡಿಕೊಂಡಿದ್ದೆ: ಸ್ವಲ್ಪ ಮೈ ಬಿಸಿ ಮಾಡಿಕೊಂಡು ಒಂದೇ ವ್ಯಾಯಾಮ ಮುಗಿಸಿ, ವಹಿಯಲ್ಲಿ ಬರೆದು, ಮನೆಗೆ ಹೋಗುವುದು. ಜಿಮ್ ಮುಚ್ಚಿದ್ದರೆ ಮನೆಯಲ್ಲೇ ಗರಡಿಯವರಂತೆ ದಂಡ, ಬೈಠಕ್. ವಾರಕ್ಕೆ ಮೂರು ದಿನವೆಂಬ ಲೆಕ್ಕ ಎರಡಕ್ಕೆ ಇಳಿದರೂ ನಾನು ತಲೆ ಕೆಡಿಸಿಕೊಳ್ಳಲಿಲ್ಲ, ಏಕೆಂದರೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ ವಯಸ್ಕರಿಗೆ ಸ್ನಾಯು ಬಲಪಡಿಸುವ ವ್ಯಾಯಾಮವನ್ನು ವಾರಕ್ಕೆ ಎರಡು ದಿನವಾದರೂ ಮಾಡಿರೆಂದೇ ಹೇಳುತ್ತದೆ. ಆರು ದಿನಗಳ ವೇಳಾಪಟ್ಟಿ ಹಾಕಿಕೊಂಡು ನಾಲ್ಕನೆಯ ದಿನ ತಪ್ಪಿದಾಗ ಎಲ್ಲವೂ ಕೆಟ್ಟಿತೆಂದು ಕೂರುವವರಿಗಿಂತ ಇದು ಮೇಲೆಂದು ನನ್ನ ಅಭಿಪ್ರಾಯ.

ಊಟ ಸಾಲದಿದ್ದರೂ ಅಂಕಿ ಏರುವುದು ನಿಲ್ಲುತ್ತದೆ, ಆಗ ಉತ್ಸಾಹವೇ ಕುಂದಿತೆಂದು ನಾವು ಭಾವಿಸಿಕೊಳ್ಳುತ್ತೇವೆ. 49 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ, ಭಾರ ಎತ್ತುವವರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 1.6 ಗ್ರಾಂ ಪ್ರೋಟೀನ್ ಆದ ಮೇಲೆ ಹೆಚ್ಚಿನ ಲಾಭ ಕಾಣುವುದಿಲ್ಲ. ನನ್ನ 64 ಕಿಲೋಗೆ ಅದು 100 ಗ್ರಾಂ ಸುತ್ತಮುತ್ತ. ನಮ್ಮ ಕಡೆಯ ಊಟದಲ್ಲಿ ಇದು ಕೂಡಿಬರದ ಮಾತಲ್ಲ, ಆದರೆ ರೊಟ್ಟಿ ಹೆಚ್ಚಾಗಿ ಪಲ್ಯ ಬೆರಳಿಗೆ ಹಚ್ಚಿಕೊಳ್ಳುವಷ್ಟೇ ಇದ್ದರೆ ಬರುವುದಿಲ್ಲ. ಮಡಕಿ ಕಾಳು, ಹೆಸರುಕಾಳಿನ ಪಲ್ಯವನ್ನು ಇಮ್ಮಡಿ ಮಾಡಿಕೊಂಡೆ. ಗಟ್ಟಿ ಮೊಸರು, ಒಂದಕ್ಕೆ ಸುಮಾರು 6 ಗ್ರಾಂ ಪ್ರೋಟೀನ್ ಕೊಡುವ ತತ್ತಿಗಳು ಸೇರಿದವು. ಶೇಂಗಾ ಹಿಂಡಿ ರುಚಿಗೆ ಸರಿ. 100 ಗ್ರಾಂ ಶೇಂಗಾದಲ್ಲಿ 25 ಗ್ರಾಂನಷ್ಟು ಪ್ರೋಟೀನ್ ಇದ್ದರೂ ಸುಮಾರು 570 ಕ್ಯಾಲೊರಿಯೂ ಇರುವುದರಿಂದ ಅದೊಂದನ್ನೇ ನಂಬಲಾಗದು. ಪ್ರೋಟೀನ್ ಪುಡಿಯ ದುಬಾರಿ ಡಬ್ಬಿಗಳನ್ನು ನಾನು ಕೊಳ್ಳಲಿಲ್ಲ. ಕೊಳ್ಳುವವರನ್ನು ಆಕ್ಷೇಪಿಸುವುದೂ ಇಲ್ಲ.

ಕೆಲವು ತಿಂಗಳುಗಳಾದ ಮೇಲೆ ವಹಿಯ ಅಂಕಿಗಳೂ ನಿಧಾನವಾದವು. ಆರಂಭದ ಆ ವೇಗ ಯಾರಿಗೂ ಕೊನೆಯವರೆಗೆ ಉಳಿಯುವುದಿಲ್ಲ ಎಂಬುದು ಗೊತ್ತಿದ್ದರಿಂದ ಹೋಲಿಕೆಯ ಅವಧಿಯನ್ನೇ ಹಿಗ್ಗಿಸಿದೆ. ಹಿಂದಿನ ಸಲದ ಸಾಲಿನೊಂದಿಗೆ ಹೋಲಿಸುವುದನ್ನು ಬಿಟ್ಟು ತಿಂಗಳ ಹಿಂದಿನ ಪುಟದೊಂದಿಗೆ ಹೋಲಿಸತೊಡಗಿದೆ. ನಿದ್ದೆ ಸಾಲದೆ ಎಲ್ಲ ವ್ಯಾಯಾಮಗಳೂ ಒಟ್ಟಿಗೆ ಕುಸಿದ ವಾರಗಳಲ್ಲಿ ಭಾರವನ್ನು ಬೇಕೆಂದೇ ತಗ್ಗಿಸಿ ಎತ್ತಿದೆ. ಪಂಚಮಿಯ ಉಂಡಿಗಳಿಗೂ ಜೋಕಾಲಿಗೂ ಊರಿಗೆ ಹೋದಾಗ ತಾಲೀಮು ಪೂರ್ತಿ ನಿಲ್ಲುತ್ತದೆ. ಹಿಂದಿರುಗಿದ ಮೇಲೆ ಬಿಟ್ಟ ತೂಕಕ್ಕೇ ಕೈ ಹಾಕದೆ, ಒಂದೆರಡು ಪ್ಲೇಟು ಕಡಿಮೆ ಮಾಡಿ ಹೊಸ ಪುಟದಲ್ಲಿ ಶುರು ಮಾಡುತ್ತೇನೆ. ಒಮ್ಮೆ ಗಳಿಸಿದ ಶಕ್ತಿ ಮೊದಲ ಸಲಕ್ಕಿಂತ ಬೇಗನೆ ಮರಳುವುದರಿಂದ, ಆ ಪುಟದ ಅಂಕಿಗಳು ಮತ್ತೆ ಹೊಸಬನ ಅಂಕಿಗಳಂತೆ ಕೆಲವು ಕಾಲ ಚುರುಕಾಗಿ ಏರುತ್ತವೆ.